ಕಡಲ ದಂಡೆಯಲ್ಲಿ ಒಗ್ಗರಣಿ

ನನ್ನ ಕಾರಿನಲ್ಲಿ ಒಣ ಸೀಗಡಿಯ ವಾಸನೆ ಬರುತ್ತದೆ ಎಂಬುದು ಈಗ ಸಿಂಧನೂರಿನಲ್ಲಿ ಗುಟ್ಟಾಗಿ ಉಳಿದಿಲ್ಲ. ದಿನವೂ ಗೊರೇಬಾಳದಿಂದ ನನ್ನ ಜೊತೆ ಶಾಲೆಗೆ ಬರುವ ಗಣಿತದ ಮೇಡಂ ಬಾಗಿಲು ತೆಗೆಯುವ ಮೊದಲೇ ಸೆರಗನ್ನು ಮೂಗಿಗೆ ಹಿಡಿದು ಸಿದ್ಧರಾಗಿರುತ್ತಾರೆ. ನಾನು ಮೊಟ್ಟೆಯನ್ನೂ ಮುಟ್ಟದ ಮನೆತನದವಳು. ಸೋಪಿನ ನೀರು ಹಾಕಿ ತಿಕ್ಕಿಸಿದೆ, ನಿಂಬೆಹಣ್ಣು ಕೊಯ್ದಿಟ್ಟೆ, ಕೊನೆಗೆ ಅತ್ತೆಯವರ ಮಾತು ಕೇಳಿ ಕರ್ಪೂರವನ್ನೂ ಇಟ್ಟೆ. ವಾಸನೆ ಹೋಗಲಿಲ್ಲ, ಕರ್ಪೂರ ಅದರ ಜೊತೆ ಸೇರಿಕೊಂಡಿತು. ಈಗ ಕಾರಿನೊಳಗೆ ಕೂತರೆ ಯಾವುದೋ ಮೀನು ಸೋಮವಾರದ ಪೂಜೆ ಮುಗಿಸಿ ಬಂದು ಪಕ್ಕದಲ್ಲಿ ಕೂತ ಹಾಗಿರುತ್ತದೆ. "ಯಾಕ್ರೀ ಮೇಡಂ, ಮನ್ಯಾಗ ಏನರ ಬದಲಾಗೇತೇನು?" ಎಂದು ನಮ್ಮ ಜವಾನ ಕೇಳಿದಾಗಲಂತೂ ನಾನು ಕಡಲಿಗೆ ಹೋಗಿ ಬಂದ ಕತೆಯನ್ನು ಮೊದಲಿನಿಂದ ಹೇಳಬೇಕಾಯಿತು. ನಿಮಗೂ ಹೇಳಿಬಿಡುತ್ತೇನೆ.

ಸೀಗಡಿ ನನ್ನದಲ್ಲ, ಹುಸೇನಣ್ಣನದು. ಮಸ್ಕಿಯ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ನಮ್ಮ ತವರುಮನೆ, ಓಣಿಯ ಬಾಯಲ್ಲೇ ಹುಸೇನಣ್ಣನ ಒಗ್ಗರಣೆ ಮಿರ್ಚಿ ಅಂಗಡಿ. ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು. ನಿಮ್ಮ ಕಡೆ ಒಗ್ಗರಣೆ ಎಂದರೆ ಸಾರಿಗೆ ಚುಂಯ್ ಎಂದು ಹಾಕುವ ಸಾಸಿವೆ, ಕರಿಬೇವು. ನಮ್ಮ ಕಡೆ ಒಗ್ಗರಣೆ ಎಂದರೆ ಇಡೀ ತಿಂಡಿ. ಮಂಡಕ್ಕಿಯನ್ನು ನೀರಿಗೆ ಹಾಕಿ, ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನ, ಹುಣಸೆಹುಳಿ ಬಿದ್ದ ಬಾಣಲೆಯಲ್ಲಿ ಕೈಯಾಡಿಸಿ, ಮೇಲೆ ಪುಟಾಣಿ, ಅಂದರೆ ಹುರಿಗಡಲೆಯ ಹಿಟ್ಟು ಉದುರಿಸಿ, ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ ಇಟ್ಟುಕೊಟ್ಟರೆ ಅದು ಒಗ್ಗರಣೆ. ಅದು ಹೊಟ್ಟೆಗೆ ಬೀಳುವ ತನಕ ನಮ್ಮವರು ಬೆಳಗಾಯಿತೆಂದು ಒಪ್ಪುವುದಿಲ್ಲ. ಹೊರಗಿನಿಂದ ತರಬೇತಿ ಕೊಡಲು ಬಂದ ಅಧಿಕಾರಿಯೊಬ್ಬರು ನಮ್ಮ ಶಾಲೆಯಲ್ಲಿ "ತಿಂಡಿಗೆ ಏನಿದೆ?" ಎಂದು ಕೇಳಿ, "ಒಗ್ಗರಣಿ ಸರ್" ಎಂಬ ಉತ್ತರ ಬಂದಾಗ "ಅದು ಸರಿ, ಯಾವುದಕ್ಕೆ?" ಎಂದು ಮತ್ತೆ ಕೇಳಿದ್ದರು. ಪಾಪ, ತಟ್ಟೆ ಬರುವ ತನಕ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗಲಿಲ್ಲ.

ನಾನು ಚಿಕ್ಕವಳಿದ್ದಾಗ ಅಂಗಡಿ ಹುಸೇನಣ್ಣನ ತಂದೆಯದು. ಹುಸೇನಣ್ಣ ಮೆಣಸಿನಕಾಯಿ ಸೀಳುತ್ತ ಕೂತಿರುತ್ತಿದ್ದ. ನನ್ನ ಫ್ರಾಕಿನ ಕಿಸೆಯಲ್ಲಿ ಹಿಡಿ ಪುಟಾಣಿ ಹಾಕಿ ಕಳಿಸುತ್ತಿದ್ದ. ಆಗ ನಾನು "ಏ ಶಾಂತಿ" ಆಗಿದ್ದೆ, ನೌಕರಿ ಸಿಕ್ಕ ದಿನದಿಂದ "ಟೀಚರ್ರ" ಆದೆ. ಎಷ್ಟು ಬೇಡವೆಂದರೂ ಕೇಳುವುದಿಲ್ಲ. ನಾನು ಮಾತ್ರ ಇವತ್ತಿಗೂ ಅವನನ್ನು ನೀ ಎನ್ನುತ್ತೇನೆ.

ಹುಸೇನಣ್ಣನ ಮಗಳು ನಸ್ರೀನ್. ನಾನು ಮಸ್ಕಿಯ ಶಾಲೆಯಲ್ಲಿದ್ದಾಗ ನನ್ನ ವಿದ್ಯಾರ್ಥಿನಿ ಕೂಡ. ಹುಸೇನಣ್ಣನಿಗೆ ಗಂಡುಮಕ್ಕಳೂ ಇದ್ದಾರೆ, ಆದರೆ ಬೆಳಿಗ್ಗೆ ಬಾಣಲೆಯಿಂದ ಇಳಿದ ಮೊದಲ ಪ್ಲೇಟು ನಸ್ರೀನಳದೇ. ಅವಳು ಹಾಲುಹಲ್ಲಿನ ಹುಡುಗಿ ಆಗಿದ್ದಾಗಿಂದ ಈ ಪದ್ಧತಿ. ಬಸ್ಸಿಗೆ ಹೊತ್ತಾಯಿತೆಂದು ಡ್ರೈವರ್, ಕಂಡಕ್ಟರ್ ಕೂಗಾಡುತ್ತಿದ್ದರೂ ಸರಿ, ಮೊದಲ ಪ್ಲೇಟು ಓಣಿಯೊಳಗೆ ಹೋಗಿ ಬಂದ ಮೇಲೆಯೇ ವ್ಯಾಪಾರ. "ನನ್ನ ಮಗಳು ತಿಂದ್ಳು ಅಂದ್ರ ಬೋಣಿ ಆದಂಗ್ರೀ" ಎನ್ನುತ್ತಿದ್ದ. ಅವಳು ಲಿಂಗಸುಗೂರಿನ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಾಗಲೂ ಆ ಪ್ಲೇಟು ಡಬ್ಬಿಯಾಗಿ ಅವಳ ಚೀಲ ಸೇರುತ್ತಿತ್ತು.

ಅಂಥ ನಸ್ರೀನಳಿಗೆ ಸರಕಾರಿ ನೌಕರಿಯ ಆರ್ಡರ್ ಬಂತು. ಹೊನ್ನಾವರದ ಆಚೆಗಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ. ಸೋಮವಾರ ಹಾಜರಾಗಬೇಕು. ಓಣಿಗೆಲ್ಲ ಪೇಡೆ ಹಂಚಿದ ಹುಸೇನಣ್ಣ, ಸಂಜೆ ನಾನು ತವರಿಗೆ ಹೋದಾಗ ಸಪ್ಪಗಾಗಿದ್ದ.

"ಅಲ್ರೀ ಟೀಚರ್ರ, ಅಲ್ಲಿ ಬರೇ ಅನ್ನ, ಮೀನಂತ. ನನ್ನ ಮಗಳು ಮುಂಜಾನೆದ್ದು ಏನ್ ತಿಂತಾಳ?"

"ಅಲ್ಲಿ ಮಂದಿನೂ ಮುಂಜಾನೆದ್ದು ಏನರ ತಿಂತಾರಲ್ಲ ಹುಸೇನಣ್ಣಾ."

"ಏನರ ತಿಂದ್ರ ನಡೀತೈತೇನ್ರೀ? ನಾ ಮೊದಲ ಹೋಗಿ ನೋಡತೀನಿ. ಅಕಿ ಉಣ್ಣೂ ಅಂಥಾದ್ದು ಸಿಕ್ರ ಬಿಟ್ಟು ಬರತೀನಿ. ಇಲ್ಲಂದ್ರ ಹೊಳ್ಳಿ ಕರಕೊಂಡು ಬರತೀನಿ. ಲಿಂಗಸುಗೂರಿನ ನೌಕರಿ ಏನ್ ಓಡಿ ಹೋಗೇತೇನು?"

ನಸ್ರೀನ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಎಷ್ಟು ವರ್ಷ ಓದಿ, ಎಷ್ಟು ಪರೀಕ್ಷೆ ಬರೆದು ಗಳಿಸಿದ ನೌಕರಿ ಎಂಬುದು ನನಗೆ ಗೊತ್ತಿತ್ತು. ಅದು ಈಗ ಕಡಲ ದಂಡೆಯ ತಿಂಡಿಯ ಮೇಲೆ ನಿಂತಿತ್ತು. ಅವಳ ತಾಯಿ ಖೈರುನ್ ಭಾಬಿ ಒಳಗಿನಿಂದಲೇ ತೀರ್ಪು ಕೊಟ್ಟರು. "ಅಂಗಡಿ ನಾ ನೋಡ್ಕೊಂತೀನಿ. ಟೀಚರ್ ಜೋಡಿ ಹೋಗೂದಾದ್ರ ಕಳಸ್ತೀನಿ, ಬರೇ ಇಬ್ರನ್ನ ಕಳಸಂಗಿಲ್ಲ. ಇವರು ದಾರ್‍ಯಾಗ ಸಿಕ್ಕ ಹೋಟೆಲ್‌ದಾಗೆಲ್ಲ ಜಗಳಾ ತಗದು ಬರತಾರ." ಹೀಗೆ ನಾನೂ ನನ್ನ ಕಾರೂ ಈ ಕತೆಯೊಳಗೆ ಬಂದೆವು.

ನಾನು ಕಾರು ಕಲಿತದ್ದು ಗೊರೇಬಾಳದ ಕಾಲುವೆಯ ದಾರಿಯಲ್ಲಿ. ಎಡಕ್ಕೆ ನೀರು, ಬಲಕ್ಕೆ ನೆಲ್ಲಿನ ಗದ್ದೆ, ನಡುವೆ ಗೆರೆ ಎಳೆದಂಥ ದಾರಿ. ಎದುರು ಟ್ರ್ಯಾಕ್ಟರ್ ಬಂದರೆ ನಿಲ್ಲಿಸುವುದು, ಹೋದರೆ ಹೊರಡುವುದು. ಅದರಲ್ಲಿ ನಾನು ನಿಪುಣೆ. ಶನಿವಾರ ಶಾಲೆ ಮುಗಿಸಿ ಹೊರಟು, ಹುಬ್ಬಳ್ಳಿಯ ನನ್ನ ತಂಗಿಯ ಮನೆಯಲ್ಲಿ ಉಳಿದು, ಭಾನುವಾರ ನಸುಕಿನಲ್ಲಿ ಯಲ್ಲಾಪುರ ದಾಟುವ ತನಕ ಈ ನೈಪುಣ್ಯಕ್ಕೆ ಕುಂದು ಬರಲಿಲ್ಲ. ಅರಬೈಲು ಘಟ್ಟ ಬಂತು ನೋಡಿ, ದಾರಿ ನನ್ನನ್ನು ಕೇಳದೆ ತಿರುಗತೊಡಗಿತು. ನಾನು ಎರಡನೇ ಗೇರು ಹಿಡಿದು ಕೂತೆ, ಅದನ್ನು ಬಿಡಲೇ ಇಲ್ಲ. ಹಿಂದಿನಿಂದ ಲಾರಿಗಳ ಮೆರವಣಿಗೆ. ಪಕ್ಕದಲ್ಲಿ ಹುಸೇನಣ್ಣ ಕಣ್ಣು ಮುಚ್ಚಿ ದುವಾ ಓದುತ್ತಿದ್ದ. ಪ್ರತಿ ತಿರುವಿಗೂ ಅವನ ದನಿ ಏರುತ್ತಿತ್ತು. ಅದನ್ನು ಕೇಳಿದಾಗೆಲ್ಲ ನಾನು ಬ್ರೇಕು ತುಳಿಯುತ್ತಿದ್ದೆ.

"ಅಬ್ಬಾ, ಸುಮ್ಕ ಕೂಡು. ಮೇಡಂ ಹೆದರಾಕತ್ತಾರ" ಎಂದಳು ನಸ್ರೀನ್ ಹಿಂದಿನ ಸೀಟಿನಿಂದ.

ಅವರ ಮನೆಯಲ್ಲಿ ತಂದೆಗೆ ಅಬ್ಬಾ ಎನ್ನುತ್ತಾರೆ. ಮನೆಯೊಳಗೆ ಅವರದು ದಖ್ಖನಿ ಉರ್ದು, ನಮ್ಮ ಮುಂದೆ ಕನ್ನಡ. ಎರಡರ ನಡುವೆ ಅವರು ಹೊಸ್ತಿಲು ದಾಟಿದಷ್ಟು ಸಲೀಸಾಗಿ ದಾಟುತ್ತಾರೆ.

ಘಟ್ಟ ಇಳಿದು ಅಂಕೋಲೆ ತಲುಪಿದಾಗ ಗಾಳಿ ಬೆಚ್ಚಗೆ, ಅಂಟಂಟಾಗಿತ್ತು. ನನ್ನ ರವಿಕೆ ಬೆನ್ನಿಗೆ ಅಂಟಿತ್ತು, ಜೀವ ಮಾತ್ರ ಇತ್ತು. ದಾರಿ ಬದಿಯ ಹೋಟೆಲಿಗೆ ನುಗ್ಗಿದೆವು. ಹುಸೇನಣ್ಣ ಬೆಂಚಿನ ಮೇಲೆ ಕೂತವನೇ ಮಸ್ಕಿಯಲ್ಲೇ ಇದ್ದಾನೆಂಬ ಹಾಗೆ, "ಮೂರು ಒಗ್ಗರಣಿ ಮಿರ್ಚಿ ಕೊಡ್ರಿ" ಎಂದ.

ಹೋಟೆಲಿನವನು ಕಿವಿ ಮುಂದೆ ತಂದ. "ಎಂತದು?"

"ಒಗ್ಗರಣಿ."

"ಒಗ್ಗರಣೆ ಹಾಕಿದ್ದೇ ಬರ್ತದ್ರಾ, ಬೇರೆ ಎಂತಕ್ಕೆ?"

ಸ್ವಲ್ಪ ಹೊತ್ತು ಹಗ್ಗಜಗ್ಗಾಟ ನಡೆದು, ಅವನಿಗೆ ಏನೋ ಹೊಳೆದು, ಒಳಗೆ ಹೋಗಿ ಒಗ್ಗರಣೆ ಅವಲಕ್ಕಿ ತಂದಿಟ್ಟ. ಮೇಲೆ ಕಾಯಿತುರಿ, ಸಕ್ಕರೆಯ ಸಿಹಿ. ಹುಸೇನಣ್ಣ ಒಂದು ಚಮಚ ಬಾಯಿಗಿಟ್ಟು, ಮದುವೆಮನೆಯಲ್ಲಿ ತನ್ನ ಚಪ್ಪಲಿಯ ಜಾಗದಲ್ಲಿ ಬೇರೆಯವರ ಚಪ್ಪಲಿ ಕಂಡವನ ಮುಖ ಮಾಡಿದ.

"ಸಕ್ರಿ ಹಾಕ್ಯಾರ ಟೀಚರ್ರ! ಒಗ್ಗರಣಿಗೆ ಸಕ್ರಿ!"

"ಮಿರ್ಚಿ ಸಂಜೆಗೆ ಆಗ್ತದೆ. ಬೆಳಿಗ್ಗೆ ಯಾರು ತಿಂತಾರ್ರಾ ಅದನ್ನ?" ಎಂದ ಹೋಟೆಲಿನವನು. ಅವನ ದನಿಯಲ್ಲಿ ನಿಜವಾದ ಕಾಳಜಿಯಿತ್ತು. ಹುಸೇನಣ್ಣ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ. ಮೊದಲ ಊರು ನಪಾಸು. ನಾನು ಬನ್ಸ್ ತಿಂದೆ. ಬಾಳೆಹಣ್ಣು ಹಾಕಿ ಕರಿದ, ಉಬ್ಬಿದ ಪೂರಿಯಂಥ ಆ ತಿಂಡಿಗೆ ನಾನು ಅಲ್ಲೇ ಮನಸೋತೆ. ಎರಡನೆಯದನ್ನು ತರಿಸಿಕೊಂಡೆ, ಮೂರನೆಯದನ್ನು ಕಾಗದದಲ್ಲಿ ಕಟ್ಟಿಸಿಕೊಂಡೆ. ನಸ್ರೀನ್ ತನ್ನ ತಟ್ಟೆಯ ಅವಲಕ್ಕಿ ಮುಗಿಸಿ, ಅಪ್ಪನ ತಟ್ಟೆಯದನ್ನೂ ಮೆಲ್ಲಗೆ ಎಳೆದುಕೊಂಡಳು. ಹುಸೇನಣ್ಣ ಆಗ ಕೈತೊಳೆಯಲು ಹೋಗಿದ್ದ.

ಕಡಲು ಕಂಡದ್ದು ಗೋಕರ್ಣದ ತಿರುವು ದಾಟಿದ ಮೇಲೆ, ಒಳದಾರಿ ಹಿಡಿದು ಹೋದಾಗ. ಕಾರು ನಿಲ್ಲಿಸಿ ಮೂವರೂ ಇಳಿದೆವು. ಶಾಲೆಯಲ್ಲಿ ಚಿತ್ರ ಬಿಡಿಸುವಾಗ ನಾನು ಕಡಲಿಗೆ ಕಾಲುವೆಯ ಕೆಂಪು ಬಣ್ಣ ಹಚ್ಚುತ್ತಿದ್ದೆ. ನೀರೆಂದರೆ ನನಗೆ ಮಳೆಗಾಲದಲ್ಲಿ ಬಿಡುವ ಆ ಕೆನ್ನೀರೇ. ಡ್ರಾಯಿಂಗ್ ಮಾಸ್ತರು ಕಿವಿ ಹಿಂಡಿ, "ಕಡಲು ನೀಲಿ ಇರತೈತಿ, ನೋಡೀಯೇನು?" ಎಂದಿದ್ದರು. ಅವರೂ ನೋಡಿರಲಿಲ್ಲ. ಭಾನುವಾರ ನಾನು ಕಂಡ ಕಡಲು ದಂಡೆಯ ಹತ್ತಿರ ಅಷ್ಟಿಷ್ಟು ಕೆಂಪಗೇ ಇತ್ತು. ನನಗೆ ಬಹಳ ಸಮಾಧಾನವಾಯಿತು. ಹುಸೇನಣ್ಣ ಸೊಂಟದ ಮೇಲೆ ಕೈಯಿಟ್ಟು ಉದ್ದಕ್ಕೂ ನೋಡಿ, ನಿಟ್ಟುಸಿರು ಬಿಟ್ಟ.

"ಇಷ್ಟು ನೀರಿದ್ದೂ ಒಂದೆಕ್ರೆ ನೆಲ್ಲು ಬೆಳಿಯಾಕ ಬರಂಗಿಲ್ಲಲ್ರೀ."

ನಸ್ರೀನ್ ಚಪ್ಪಲಿ ಕೈಲಿ ಹಿಡಿದು ತೆರೆಯ ಅಂಚಿಗೆ ಓಡಿದ್ದಳು. ಅವಳು ಹಾಗೆ ನಗುವುದನ್ನು ನಾನು ಹತ್ತನೇ ತರಗತಿಯ ನಂತರ ನೋಡಿರಲಿಲ್ಲ. ಅದನ್ನು ನೋಡಿ ನನಗೆ ಖುಷಿಯೂ ಆಯಿತು, ಭಯವೂ ಆಯಿತು. ಈ ಮನುಷ್ಯ ಇವಳನ್ನು ಒಂದು ಪ್ಲೇಟು ಮಂಡಕ್ಕಿಯ ಸಲುವಾಗಿ ವಾಪಸು ಕರೆದೊಯ್ದರೆ?

ಕುಮಟೆಯ ಹತ್ತಿರ ದಾರಿಯ ಎರಡೂ ಬದಿ ಉಳ್ಳಾಗಡ್ಡಿಯ ಜಡೆಗಳು ತೂಗಾಡುತ್ತಿದ್ದವು. ಜುಟ್ಟು ಸೇರಿಸಿ ಹೆಣೆದು, ಕಂಬಕ್ಕೆ ಕಟ್ಟಿದ ಗುಲಾಬಿ ಬಣ್ಣದ ಗೊಂಚಲುಗಳು. ಹುಸೇನಣ್ಣನಲ್ಲಿದ್ದ ಅಂಗಡಿಕಾರ ಎಚ್ಚೆತ್ತ. "ನಿಲ್ಲಸ್ರಿ, ನಿಲ್ಲಸ್ರಿ" ಎಂದು ಇಳಿದು ಹೋಗಿ, ಮಾರುವಾಕೆಯ ಕತ್ತಿಯಿಂದಲೇ ಒಂದನ್ನು ಹೆಚ್ಚಿದ. ಕಣ್ಣಿನ ಹತ್ತಿರ ಹಿಡಿದ. ಮೂಸಿದ. ಕಚ್ಚಿದ.

"ಏನ್ರೀ ಇದು, ಕಣ್ಣಾಗ ನೀರ ಬರವಲ್ದು!"

"ನಮ್ಮ ಈರುಳ್ಳಿ ಸಿಹಿ ಇರ್ತದ್ರಾ, ಅದಕ್ಕೇ ಎಲ್ರೂ ಒಯ್ಯೂದು" ಎಂದಳು ಆಕೆ ಹೆಮ್ಮೆಯಿಂದ.

"ಉಳ್ಳಾಗಡ್ಡಿ ಸಿಹಿ, ಒಗ್ಗರಣಿ ಸಿಹಿ. ಈ ಮಂದಿ ಸಿಟ್ಟಿಗೇಳೂದರ ಹೆಂಗ?" ಎಂದು ಕಾರಿಗೆ ಬಂದು ಕೂತ. ಆದರೂ ಎರಡು ಜಡೆ ಕೊಂಡಿದ್ದ.

ಅದೇ ಪೇಟೆಯ ತುದಿಯಲ್ಲಿ ಒಣಮೀನಿನ ರಾಶಿಯ ಮುಂದೆ ತಲೆಗೆ ಓಢಣಿ ಹೊದ್ದ ಮುದುಕಿಯೊಬ್ಬಳು ಕೂತಿದ್ದಳು. ನಮ್ಮವರೇ ಸಿಕ್ಕರೆಂದು ಹುಸೇನಣ್ಣ ಸಲಾಂ ಹೇಳಿ ದಖ್ಖನಿಯಲ್ಲಿ ಶುರುಮಾಡಿದ. ಮುದುಕಿ ಸಲಾಮಿಗೆ ಮರುಸಲಾಂ ಹೇಳಿ, ಉಳಿದದ್ದನ್ನೆಲ್ಲ ಕೊಂಕಣಿಯಲ್ಲಿ ಉತ್ತರಿಸಿದಳು. ಇವನು ದನಿ ಏರಿಸಿದ, ಅವಳೂ ಏರಿಸಿದಳು. ಕೊನೆಗೆ ಇಬ್ಬರೂ ಕನ್ನಡಕ್ಕೆ ಬಂದು ಸುಧಾರಿಸಿಕೊಂಡರು. ಅಷ್ಟು ಮಾತಾಡಿದ ಮೇಲೆ ಬರಿಗೈಯಲ್ಲಿ ಏಳುವುದು ಚೆನ್ನಾಗಿರುವುದಿಲ್ಲವಲ್ಲ, ಖೈರುನ್ ಭಾಬಿಗೆಂದು ಒಣ ಸೀಗಡಿ ಕಟ್ಟಿಸಿಕೊಂಡ. ಆ ಗಂಟು ನನ್ನ ಸೀಟಿನ ಕೆಳಗೆ ಬಿಚ್ಚಿಕೊಂಡದ್ದು ನಮಗೆ ಗೊತ್ತಾದದ್ದು ಮರುದಿನ. ಜವಾನನಿಗೆ ಇಷ್ಟು ಸಾಕಾಗಿತ್ತು. ನಿಮಗೆ ಸಾಲದು, ಯಾಕೆಂದರೆ ನಾವಿನ್ನೂ ಹಳ್ಳಿ ತಲುಪಿಲ್ಲ.

ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟುವಾಗ ಖೈರುನ್ ಭಾಬಿಯ ಫೋನು ಬಂತು. "ಏನ್ ತಿಂದ್ಳು ಹುಡುಗಿ?" "ಏನೂ ತಿಂದಿಲ್ಲ, ಇಲ್ಲೇನೂ ಸಿಗಂಗಿಲ್ಲ" ಎಂದ ಹುಸೇನಣ್ಣ. ಹಿಂದಿನ ಸೀಟಿನಲ್ಲಿ ಹುಡುಗಿ ನನ್ನ ಮೂರನೆಯ ಬನ್ಸ್ ತಿನ್ನುತ್ತಿದ್ದಳು. ಕನ್ನಡಿಯಲ್ಲಿ ನನ್ನ ಕಣ್ಣು ಸಿಕ್ಕಿದ್ದೇ ತಲೆ ತಗ್ಗಿಸಿದಳು. ನನಗೆ ಆಗಲೂ ತಿಳಿಯಲಿಲ್ಲ. ಬನ್ಸ್ ಹೋಯಿತಲ್ಲ ಎಂಬ ಸಂಕಟವೇ ದೊಡ್ಡದಾಗಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಳ್ಳಿ ಸಿಕ್ಕಿತು. ತೆಂಗಿನ ಮರಗಳ ನಡುವೆ ಆರೋಗ್ಯ ಕೇಂದ್ರ, ಎದುರಿಗೆ ಹಂಚಿನ ಒಂದು ಖಾನಾವಳಿ. ನಡೆಸುವಾಕೆ ದೇವಕಿ ಅಂತ, ನನ್ನ ವಯಸ್ಸಿನವಳು. ಪಕ್ಕದಲ್ಲೇ ಒಂದು ಕೋಣೆ ಇದೆ, ಹಿಂದಿನ ನರ್ಸೂ ಅಲ್ಲೇ ಇದ್ದರು ಎಂದಳು. ಕೋಣೆ ಸ್ವಚ್ಛವಾಗಿತ್ತು, ಕಿಟಕಿಯಿಂದ ಆಸ್ಪತ್ರೆಯ ಬಾಗಿಲು ಕಾಣುತ್ತಿತ್ತು. ತಪ್ಪು ಹುಡುಕಲು ಏನೂ ಸಿಗದೆ ಹುಸೇನಣ್ಣ ನೇರ ಅಡುಗೆಮನೆಗೆ ನಡೆದ.

"ಜ್ವಾಳದ ಹಿಟ್ಟು ಸಿಗತೈತೇನ್ರೀ ಅಕ್ಕಾ?"

"ಜೋಳನಾ? ಇಲ್ಲಿ ಸಿಗೂದಿಲ್ರಾ. ಹುಡುಗಿಗೆ ಎಂತ ಬೇಕು ಹೇಳಿ, ಬಂದ ಹಾಗೆ ಮಾಡ್ತೆ."

ಹುಸೇನಣ್ಣನಿಗೆ ಅಷ್ಟೇ ಸಾಕಾಗಿತ್ತು. ಕಾರಿನ ಡಿಕ್ಕಿಯಿಂದ ಮಂಡಕ್ಕಿಯ ಚೀಲ, ಪುಟಾಣಿ ಹಿಟ್ಟು, ಮಸ್ಕಿಯ ಮೆಣಸಿನಕಾಯಿ ಎಲ್ಲ ಇಳಿಯಿತು. "ಒಮ್ಮೆ ಮಾಡಿ ತೋರಸ್ತೀನಿ, ನೋಡ್ಕೊಂಡು ಬಿಡ್ರಿ" ಎಂದು ತೋಳೇರಿಸಿದ. ಕಡಲ ಗಾಳಿಗೆ ಮಂಡಕ್ಕಿ ಅಷ್ಟರಲ್ಲೇ ಮೆತ್ತಗಾಗಿತ್ತು, ನೀರಿಗೆ ಹಾಕಿದರೆ ಮುದ್ದೆಯಾಗುವಷ್ಟು. ಅವನು ಬಿಡಲಿಲ್ಲ. ಅದನ್ನೇ ಹಿಂಡಿ, ಸಿಟ್ಟಿಲ್ಲದ ಆ ಉಳ್ಳಾಗಡ್ಡಿಯನ್ನೇ ಹೆಚ್ಚಿ ಹಾಕಿ, ಮಿರ್ಚಿ ಕರಿದು, ಎಲ್ಲರಿಗೂ ಕೊಟ್ಟ. ಮೊದಲ ಪ್ಲೇಟು ನಸ್ರೀನಳಿಗೆ.

ದೇವಕಿ ಮಿರ್ಚಿ ಕಚ್ಚಿದವಳೇ ಕಣ್ಣು ತುಂಬಿಕೊಂಡು "ಅಬ್ಬಾ!" ಎಂದಳು.

"ಹಾಂ, ಹೇಳ್ರಿ" ಎಂದು ತಿರುಗಿದ ಹುಸೇನಣ್ಣ.

ನಾನು ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡೆ. ಆ ನಗು ಇಳಿಯುವ ಮೊದಲೇ ಹುಸೇನಣ್ಣ ವಿಷಯಕ್ಕೆ ಬಂದ.

"ದಿನಾ ಮುಂಜಾನಿ ಇದನ್ನ ಮಾಡಿ ಕೊಡಬೇಕ್ರೀ ಅಕ್ಕಾ. ಇದಿಲ್ಲಂದ್ರ ನನ್ನ ಮಗಳಿಗೆ ದಿನಾನ ಹೋಗಂಗಿಲ್ಲ. ನೀವು ಹೂಂ ಅಂದ್ರ ಅಕೀನ್ನ ಬಿಟ್ಟು ಹೋಗತೀನಿ."

ದೇವಕಿ ಸುಳ್ಳು ಹೇಳುವ ಜಾತಿಯವಳಲ್ಲ. ಚೀಲದೊಳಗೆ ಕೈ ಹಾಕಿ ಮಂಡಕ್ಕಿ ಮುಟ್ಟಿ ನೋಡಿದಳು. "ಇಲ್ರಾ, ಸುಮ್ನೆ ಹೂಂ ಅಂದ್ರೆ ಆಗೂದಿಲ್ಲ. ಈ ಹವಾಕ್ಕೆ ಇದು ನಿಲ್ಲೂದಿಲ್ಲ. ದಿನಾ ಆಗೂದಿಲ್ಲ."

ಹುಸೇನಣ್ಣ ಚೀಲದ ಬಾಯಿ ಕಟ್ಟಿದ. ಅವನ ಮುಖದಲ್ಲಿ ದುಃಖವಿತ್ತು ಅಂದರೆ ಅರ್ಧ ಸತ್ಯ. ಬಿಡುಗಡೆಯೂ ಇತ್ತು.

"ನಡೀರಿ ಟೀಚರ್ರ. ಕತ್ಲಾಗೂದ್ರಾಗ ಘಟ್ಟ ಹತ್ತಬೇಕು. ನಸ್ರೀನ್, ಚೀಲ ತಗೋ."

ನಸ್ರೀನ್ ಏಳಲಿಲ್ಲ. ತಟ್ಟೆ ನೋಡುತ್ತ ಕೂತಿದ್ದಳು. ಹುಡುಗಿ ದಖ್ಖನಿಯಲ್ಲಿ ಅಪ್ಪನ ಮನಸ್ಸು ತಿರುಗಿಸುತ್ತಾಳೆಂದು ನಾನು ಕಾದೆ, ಅವರ ಗುಟ್ಟಿನ ಮಾತೆಲ್ಲ ಅದರಲ್ಲೇ. ಆದರೆ ಅವಳು ಕನ್ನಡದಲ್ಲಿ ಹೇಳಿದಳು. ಮನೆಯ ಮಾತಿನಲ್ಲಿ ಹೇಳಲು ಧೈರ್ಯ ಸಾಲದೆ ಹೋಯಿತೇನೋ.

"ಅಬ್ಬಾ, ನನಗ ಒಗ್ಗರಣಿ ಸೇರಂಗಿಲ್ಲ."

"ಇವತ್ತಿಂದು ಛಲೋ ಆಗಿಲ್ಲ ಬೇಟಿ. ಮಂಡಾಳ ಮೆತ್ತಗಾಗ್ಯಾವ."

"ಇವತ್ತಿಂದಲ್ಲ. ಮೊದಲಿಂದನೂ ಸೇರಂಗಿಲ್ಲ. ಸಣ್ಣಾಕಿ ಇದ್ದಾಗಿಂದ."

ಹುಸೇನಣ್ಣ ನಗಲು ನೋಡಿದ. ಆಗಲಿಲ್ಲ. "ಮತ್ತ ದಿನಾ ತಿಂತಿದ್ದೆಲ್ಲ?"

"ಯಾರಿಗೂ ಕೊಡದ ಮೊದಲ ನನಗ ತರತಿದ್ದಿ. ನಾ ತಿನ್ನೂತನಕ ನಿಂತು ನೋಡತಿದ್ದಿ." ಅವಳ ದನಿ ಒಡೆಯಿತು. "ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ, ಅಬ್ಬಾ."

ನನಗೆ ಅವನ ಮುಖ ನೋಡಲಾಗಲಿಲ್ಲ. ಅಷ್ಟು ವರ್ಷಗಳ ಬೆಳಗುಗಳು ಒಂದೇ ಸಲಕ್ಕೆ ಅವನ ಮುಂದೆ ಬಂದು ನಿಂತಿರಬೇಕು. ಬಸ್ಸಿನವರನ್ನು ಕಾಯಿಸಿ ಒಯ್ದ ಪ್ಲೇಟುಗಳು, ಲಿಂಗಸುಗೂರಿಗೆ ಹೋದ ಡಬ್ಬಿಗಳು. ಅವನ ಪ್ರೀತಿಯೂ ಸುಳ್ಳಲ್ಲ, ಅವಳು ನುಂಗಿದ್ದೂ ಸುಳ್ಳಲ್ಲ.

ಹುಸೇನಣ್ಣ ಬೆಂಚಿನ ಮೇಲೆ ಮಗಳ ಪಕ್ಕ ಕೂತ. ಅವಳ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಮೆತ್ತಗಾದ ಆ ಮಂಡಕ್ಕಿಯನ್ನು ಒಂದು ಕಾಳೂ ಬಿಡದೆ ತಾನೇ ತಿಂದ. ಎದ್ದು ಕೈ ತೊಳೆದು ಬಂದ. ಒರೆಸಿಕೊಳ್ಳುತ್ತಲೇ ದೇವಕಿಗೆ ಹೇಳಿದ.

"ಅಕ್ಕಾ, ನಾಳಿಂದ ಏನ್ ಮಾಡಬೇಕು ಅನ್ನೂದು ಅಕೀನ್ನ ಕೇಳ್ರಿ. ನಾ ಒಮ್ಮೆನೂ ಕೇಳಿದಾಂವ ಅಲ್ಲ."